ಹೊಲದ ನಿಜವಾದ ಬೆಲೆ ಕ್ರಯಪತ್ರದಲ್ಲಿರಲಿ

ಮಾನ್ಯ ಸಂಪಾದಕರೇ,

ಪಕ್ಕದ ಹೊಲ ಮಾರಾಟಕ್ಕೆ ಬಂದಾಗ ಅದರ ನ್ಯಾಯವಾದ ಬೆಲೆ ಯಾವುದೆಂದು ಕೊಡುವವರಿಗೂ ಕೊಳ್ಳುವವರಿಗೂ ತಿಳಿಯದ ಸ್ಥಿತಿ ನಮ್ಮ ಹೊಳಲ್ಕೆರೆ ಸೀಮೆಯಲ್ಲಿದೆ. ನಮ್ಮ ಜಮೀನಿಗೆ ಹೊಂದಿಕೊಂಡ 2 ಎಕರೆ 10 ಗುಂಟೆ ಹೊಲದ ವಿಚಾರವಾಗಿ ನೆರೆಯವರೊಂದಿಗೆ ಈಚೆಗೆ ಮಾತುಕತೆಗೆ ಕುಳಿತಾಗ ಇದು ನಮಗೆ ಚೆನ್ನಾಗಿ ಅರಿವಾಯಿತು. ಮಧ್ಯವರ್ತಿಯೊಬ್ಬರು ನೀರಾವರಿಯ ಅಡಿಕೆ ತೋಟದ ದರವನ್ನು ಮಳೆ ನಂಬಿದ ಮೆಕ್ಕೆಜೋಳದ ಹೊಲಕ್ಕೆ ಹೇಳಿದರು. ಉಪನೋಂದಣಾಧಿಕಾರಿಗಳ ಕಚೇರಿಯಿಂದ ಆಸುಪಾಸಿನ ಕ್ರಯಪತ್ರಗಳ ನಕಲು ತೆಗೆಸಿ ನೋಡಿದರೆ, ಊರಿಗೆಲ್ಲ ಗೊತ್ತಿರುವ ಬೆಲೆ ಒಂದು, ಪತ್ರದಲ್ಲಿರುವುದು ಸರ್ಕಾರದ ಮಾರ್ಗಸೂಚಿ ದರ, ಅಂದರೆ ನೋಂದಣಿಗೆ ನಿಗದಿಯಾದ ಕನಿಷ್ಠ ಬೆಲೆ ಮಾತ್ರ.

ಕೊನೆಗೆ ನಮ್ಮಿಬ್ಬರಿಗೂ ಆಧಾರವಾದದ್ದು ಪಹಣಿ ಮತ್ತು ಅಳತೆ. ಪಹಣಿಯ ಮೂರನೇ ಕಲಂನಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ 6 ಗುಂಟೆ ಹಳ್ಳದ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ ಇತ್ತು. ಎಕರೆಗೆ 20 ಲಕ್ಷ ರೂಪಾಯಿಯಂತೆ ಲೆಕ್ಕ ಹಾಕಿದರೂ ಅಷ್ಟಕ್ಕೇ 3 ಲಕ್ಷ ರೂಪಾಯಿ ವ್ಯತ್ಯಾಸ. ಹದ್ದುಬಸ್ತು (ಗಡಿ ಅಳತೆ) ಮಾಡಿಸಿ, ಗಾಡಿ ದಾರಿ ಯಾರ ಹೊಲದ ಮೇಲಿದೆ, ಕೊಳವೆಬಾವಿಯಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆಯೇ ಎಂಬುದನ್ನು ಇಬ್ಬರೂ ಜೊತೆಯಲ್ಲಿ ನಿಂತು ನೋಡಿದ ಮೇಲೆಯೇ ಮಾತು ಹಣದ ಕಡೆ ತಿರುಗಿತು. ಬದು ಹಂಚಿಕೊಂಡು ಬದುಕುವವರ ನಡುವೆ ಅಳತೆಗೆ ಮೊದಲೇ ಮುಂಗಡ ಕೊಡುವುದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಪತ್ರದಲ್ಲಿ ಕಡಿಮೆ ಮೊತ್ತ ಬರೆಸುವುದಕ್ಕೆ ಶುಲ್ಕದ ಭಾರವೇ ಮುಖ್ಯ ಕಾರಣ. ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್ ಜೊತೆಗೆ, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕವೂ ಶೇ 1ರಿಂದ ಶೇ 2ಕ್ಕೆ ಏರಿದೆ. ಆದರೆ ಇಂದು ಉಳಿಸಿದ ಈ ಹಣಕ್ಕೆ ನಾಳೆ ಊರೇ ದಂಡ ತೆರಬೇಕಾಗುತ್ತದೆ. 2013ರ ಭೂಸ್ವಾಧೀನ ಕಾಯ್ದೆಯ 26ನೇ ಕಲಮಿನ ಪ್ರಕಾರ ಮಾರುಕಟ್ಟೆ ಮೌಲ್ಯ ನಿಗದಿಗೆ ನೋಡುವ ಆಧಾರಗಳಲ್ಲಿ ಹಿಂದಿನ ಮೂರು ವರ್ಷಗಳ ಸುತ್ತಮುತ್ತಲ ಕ್ರಯಪತ್ರಗಳೂ ಸೇರಿವೆ. ಅವುಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟು ಪತ್ರಗಳ ಸರಾಸರಿಯನ್ನು ತೆಗೆಯಲಾಗುತ್ತದೆ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ಕಾಲುವೆಗಳಿಗೂ ತುಮಕೂರು–ದಾವಣಗೆರೆ ರೈಲು ಮಾರ್ಗಕ್ಕೂ ಭೂಮಿ ಬಿಟ್ಟುಕೊಡಬೇಕಾಗಿ ಬಂದಿರುವ ನಮ್ಮ ಜಿಲ್ಲೆಯಲ್ಲಿ, ಎಲ್ಲ ಪತ್ರಗಳಲ್ಲೂ ಸುಳ್ಳು ಬೆಲೆಯೇ ಇದ್ದರೆ ಪರಿಹಾರ ಕಡಿಮೆಯಾಯಿತೆಂದು ವಾದಿಸಲು ರೈತನ ಕೈಯಲ್ಲಿ ಏನು ದಾಖಲೆ ಉಳಿಯುತ್ತದೆ?

ಆದ್ದರಿಂದ ಕಂದಾಯ ಇಲಾಖೆಯು ಹಿಂದಿನ ಮೂರು ವರ್ಷಗಳಲ್ಲಿ ನೋಂದಣಿಯಾದ ಜಮೀನುಗಳ ಮೊತ್ತವನ್ನು ಖುಷ್ಕಿ (ಮಳೆಯಾಶ್ರಿತ), ತರಿ (ನೀರಾವರಿ ಗದ್ದೆ), ಬಾಗಾಯ್ತು (ತೋಟ) ಎಂದು ವಿಂಗಡಿಸಿ, ಮಾಲೀಕರ ಹೆಸರಿಲ್ಲದೆ, ಸರ್ವೆ ನಂಬರುವಾರು ಪ್ರತಿ ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಪ್ರಕಟಿಸಬೇಕು. ಜೊತೆಗೆ, ಕೃಷಿಗಾಗಿಯೇ ಪಕ್ಕದ ಹೊಲ ಕೊಳ್ಳುವ ಸಣ್ಣ ಹಿಡುವಳಿದಾರರಿಗೆ ನೋಂದಣಿ ಶುಲ್ಕವನ್ನು ಮೊದಲಿನಂತೆ ಶೇ 1ಕ್ಕೆ ಇಳಿಸಬೇಕೆಂದು ಸರ್ಕಾರವನ್ನು ಕೋರುತ್ತೇನೆ.

ಇಂತಿ,
ಒಬ್ಬ ರೈತ, ಹೊಳಲ್ಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ