ಕಮ್ಮಟಕ್ಕೆ ಎರಡೂ ದಿನ ಕೊಡಿ

ಸಂಪಾದಕರೇ,

ಶನಿವಾರ, ಭಾನುವಾರ ನಡೆಯುವ ಲೇಖಕರ ಹಬ್ಬಗಳೆಂದರೆ ನನಗೆ ಪ್ರಾಣ. ಓದು, ಮಾತು, ಬರೆದದ್ದನ್ನು ಒಟ್ಟಿಗೆ ಕೂತು ಚರ್ಚಿಸುವ ಕಮ್ಮಟ ಎಲ್ಲ ಒಂದೇ ಕಡೆ ಸಿಗುತ್ತವೆ. ಆದರೆ ಕಮ್ಮಟಕ್ಕೆ ಕೊಡುವ ಸಮಯ ನೋಡಿದರೆ ಬೇಜಾರಾಗುತ್ತದೆ.

ಹೋದ ಸಲ ನಾನು ಸೇರಿದ್ದ ಕಥಾ ಕಮ್ಮಟ 90 ನಿಮಿಷದ್ದು. ನಾವಿದ್ದದ್ದು 25 ಜನ. ಒಬ್ಬರಿಗೆ ನಾಲ್ಕು ನಿಮಿಷವೂ ಬರಲ್ಲ, ಅದರಲ್ಲೂ ಸ್ವಾಗತ, ಪರಿಚಯ ಅಂತ 20 ನಿಮಿಷ ಹೋಯಿತು. ನನ್ನ ಪಕ್ಕ ಕೂತಿದ್ದ ಹೆಂಗಸೊಬ್ಬರು ಮೂರು ಪುಟದ ಕಥೆ ತಂದಿದ್ದರು. ಮಡಚಿ ಮಡಚಿ ಹಾಳೆಯ ಅಂಚೆಲ್ಲ ಮೆತ್ತಗಾಗಿತ್ತು, ಎರಡನೇ ಪ್ಯಾರಾವನ್ನು ಪೆನ್ಸಿಲ್ಲಿನಲ್ಲಿ ಹೊಡೆದುಹಾಕಿ, ಮತ್ತೆ ಪಕ್ಕದಲ್ಲೇ 'ಇರಲಿ' ಅಂತ ಬರೆದುಕೊಂಡಿದ್ದರು. ಅದು ಬೇಕಾ ಬೇಡವಾ? ಅವರು ಬಂದದ್ದೇ ಅಷ್ಟು ಕೇಳಲಿಕ್ಕೆ. ಅವರ ಸರದಿ ಬರುವಷ್ಟರಲ್ಲಿ ಮುಂದಿನ ಗೋಷ್ಠಿಯವರು ಬಾಗಿಲಲ್ಲಿ ನಿಂತಿದ್ದರು. ಹಾಳೆ ಮತ್ತೆ ಚೀಲ ಸೇರಿತು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ದೊಡ್ಡ ಲೇಖಕರ ಮಾತನ್ನು ಆಮೇಲೆ ವಿಡಿಯೊದಲ್ಲಾದರೂ ಕೇಳಬಹುದು. ನಮ್ಮ ವಾಕ್ಯ ಎಲ್ಲಿ ಎಡವಿತು ಅಂತ ಇನ್ನೊಬ್ಬರು ಎದುರು ಕೂತು ಹೇಳುವುದು ಹಾಗೆ ಸಿಗುವುದಿಲ್ಲ, ಅಲ್ವಾ?

ಜನ ಸೇರಿಸುವುದು ಹಬ್ಬಗಳಿಗೆ ಚೆನ್ನಾಗಿ ಗೊತ್ತು. ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ 1949ರಲ್ಲೇ ಸಾಹಿತ್ಯ ಹಬ್ಬ ಶುರುವಾಯಿತು, ಜೈಪುರದ್ದು 2006ರಲ್ಲಿ. ಆದರೆ ಕಮ್ಮಟದ ದಾರಿಯೇ ಬೇರೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಶುರುವಾದ ಬರಹಗಾರರ ಕಮ್ಮಟ ಈಗ ಎರಡು ವರ್ಷದ ಕೋರ್ಸು. ಆ ಪದ್ಧತಿಯಲ್ಲಿ ಬರಹವನ್ನು ಮೊದಲೇ ಎಲ್ಲರಿಗೂ ಹಂಚುತ್ತಾರೆ, ಎಲ್ಲರೂ ಓದಿಕೊಂಡೇ ಬರುತ್ತಾರೆ, ಚರ್ಚೆ ನಡೆಯುವಾಗ ಬರೆದವರು ಸುಮ್ನೆ ಕೂತು ಕೇಳುತ್ತಾರೆ. ಎರಡು ವರ್ಷ ನಮ್ಮಿಂದ ಆಗದ ಮಾತು. ಆದರೆ ಮೊದಲೇ ಓದಿಕೊಂಡು ಬರುವುದಕ್ಕೆ ಏನು ಅಡ್ಡಿ?

ನಮ್ಮ ಹತ್ತಿರ ಇನ್ನೊಂದಿದೆ, ಶನಿವಾರದ ರಾತ್ರಿ! ಅದನ್ನು ಯಾರೂ ಬಳಸಿಕೊಳ್ಳುತ್ತಿಲ್ಲ. ಶನಿವಾರ ಬೆಳಿಗ್ಗೆ ಎರಡು ಗಂಟೆ ಕೂರಿಸಿ, ಭಾನುವಾರ ಬೆಳಿಗ್ಗೆ ಅದೇ ಹತ್ತು ಜನರನ್ನು ಅದೇ ಮಾರ್ಗದರ್ಶಕರ ಜೊತೆ ಮತ್ತೆ ಎರಡು ಗಂಟೆ ಕೂರಿಸಿ. ಒಬ್ಬೊಬ್ಬರಿಗೂ ದಿನಕ್ಕೆ 12 ನಿಮಿಷ ಸಿಗುತ್ತದೆ, ನಡುವೆ ತಿದ್ದಿ ಬರೆಯಲು ಒಂದಿಡೀ ರಾತ್ರಿ ಇರುತ್ತದೆ. ಶನಿವಾರ ಒಪ್ಪದೇ ಇದ್ದ ಮಾತು ರಾತ್ರಿ ಒಬ್ಬರೇ ಕೂತಾಗ ಸರಿ ಅನ್ನಿಸುತ್ತದೆ, ಇದು ನನ್ನದೇ ಅನುಭವ. ಕಮ್ಮಟದ ಹೊತ್ತಿಗೆ ಹೆಸರಾಂತರ ಭಾಷಣ ಮಾತ್ರ ಇಡಬೇಡಿ, ಪಾಪ, ಎರಡನ್ನೂ ಬಯಸುವವರು ಎಲ್ಲಿಗೆ ಹೋಗಬೇಕು?

ಹತ್ತೇ ಜನ ಅಂದರೆ ಜಾಗ ಸಿಗದವರು ಬೇಸರ ಮಾಡಿಕೊಳ್ಳುತ್ತಾರೆ ಅಂತ ಆಯೋಜಕರು ಹೇಳಬಹುದು. ನಿಜ. ಹಾಗಿದ್ದರೆ ಇನ್ನೊಂದು ಕೋಣೆ ಹುಡುಕಿ, ಇನ್ನೊಬ್ಬ ಮಾರ್ಗದರ್ಶಕರನ್ನು ಕರೆಯಿರಿ. ಅದಕ್ಕಾಗಿ ಒಂದು ಗೋಷ್ಠಿ ಕಡಿಮೆಯಾದರೂ ನಾವು ಗೊಣಗುವುದಿಲ್ಲ.

– ಒಬ್ಬ ಓದುಗ