ಕೊಕ್ಕರೆ ಊರಿನಿಂದ ಅಮ್ಮನಿಗೆ

ಕುಶಿರೊ, ಜಪಾನ್, ಫೆಬ್ರವರಿ 11

ಅಮ್ಮಾ,

ನಾನು ಚೆನ್ನಾಗಿದ್ದೇನೆ. ಮೊನ್ನೆ ರವಿ ಬರೆದಿದ್ದ. ಅಪ್ಪನ ಹೆಬ್ಬೆರಳ ಹುಣ್ಣು ಒಂದು ತಿಂಗಳಾದರೂ ಒಣಗಿಲ್ಲವಂತೆ. ಪ್ರತಿ ಭಾನುವಾರ ಫೋನಿನಲ್ಲಿ 'ಎಲ್ಲಾ ಚೆನ್ನಾಗಿದ್ದೀವಿ ಕಣೇ' ಅಂತೀಯಲ್ಲ, ಇದನ್ನು ಯಾಕೆ ಮುಚ್ಚಿಟ್ಟೆ?

ಮೂರು ದಿನ ರಜೆ. ಟಿಕೆಟ್ ಮೊದಲೇ ತೆಗೆದಿದ್ದೆ ಅಂತ ಸಪ್ಪೊರೊದಿಂದ ನಾಲ್ಕು ಗಂಟೆ ರೈಲಲ್ಲಿ ಇಲ್ಲಿಗೆ ಬಂದೆ. ಪಕ್ಕದಲ್ಲೇ ತ್ಸುರುಯಿ ಅನ್ನೋ ಹಳ್ಳಿ. ಹೆಸರಿನ ಅರ್ಥವೇ ಕೊಕ್ಕರೆ ಇರುವ ಜಾಗ. ನಮ್ಮ ಕೊಕ್ಕರೆ ಬೆಳ್ಳೂರಿನ ಹಾಗೇ, ಅಲ್ವಾ? ಇಲ್ಲಿಯ ಹಕ್ಕಿಗೆ ತಂಚೊ ಅಂತಾರೆ. ಬಿಳಿ ಮೈ, ಕಪ್ಪು ಕತ್ತು, ನೆತ್ತಿ ಮೇಲೆ ಕುಂಕುಮ ಇಟ್ಟ ಹಾಗೆ ಕೆಂಪು. ಇವು ನಾಶವಾದವು ಅಂತಲೇ ಎಲ್ಲರೂ ತಿಳಿದಿದ್ದರಂತೆ. 1924ರಲ್ಲಿ ಇಲ್ಲಿಯ ಜೌಗಿನಲ್ಲಿ ಕೆಲವೇ ಕೆಲವು ಸಿಕ್ಕಿದವು. ಆಮೇಲೆ 1950ರ ಸುಮಾರಿಗೆ ಕಡು ಚಳಿಯಲ್ಲಿ ಮೇವಿಲ್ಲದೆ ಒದ್ದಾಡುವಾಗ ರೈತರೇ ಮುಸುಕಿನ ಜೋಳ ಹಾಕಿ ಉಳಿಸಿದರು. ಈಗ 1,500ಕ್ಕೂ ಜಾಸ್ತಿ ಇವೆ. ಬೆಳ್ಳೂರಿನವರು ಹಕ್ಕಿಗಳನ್ನು ಬಾಣಂತನಕ್ಕೆ ಬಂದ ಮನೆ ಮಗಳು ಅಂತಾರಲ್ಲ, ಅದು ನೆನಪಾಗಿ ಗಂಟಲು ಕಟ್ಟಿತು.

ಬೆಳಗಿನ ಜಾವ ಓತೊವಾ ಸೇತುವೆ ಮೇಲೆ ನಿಂತಿದ್ದೆ. ಮೈನಸ್ 18. ಸುತ್ತ ಹತ್ತಾರು ಜನ ಕ್ಯಾಮೆರಾ ಹಿಡಿದು ನಿಂತಿದ್ದರೂ ಒಬ್ಬರೂ ಪಿಸುಗುಟ್ಟಲಿಲ್ಲ. ಒರತೆ ನೀರು ಸೇರುವುದರಿಂದ ಕೆಳಗಿನ ಹೊಳೆ ಹೆಪ್ಪುಗಟ್ಟುವುದಿಲ್ಲ. ಆ ನೀರಲ್ಲೇ ನಿಂತು ರಾತ್ರಿ ಕಳೆಯುತ್ತವೆ. ನೀರಿಂದ ಆವಿ ಏಳುತ್ತಿತ್ತು, ದಡದ ಗಿಡಗಳೆಲ್ಲ ಬೆಳ್ಳಗೆ ಹಿಮ ಹಿಡಿದಿದ್ದವು. ಒಂದು ಹಕ್ಕಿ ಒಂಟಿ ಕಾಲಲ್ಲಿ ನಿಂತು, ಇನ್ನೊಂದನ್ನು ಪುಕ್ಕದೊಳಗೆ ಎಳೆದುಕೊಂಡು, ಕೊಕ್ಕನ್ನು ಬೆನ್ನಲ್ಲಿ ಹುದುಗಿಸಿ ಮಲಗಿತ್ತು. ಕಾಲಿಗೆ ಇಳಿಯುವ ಬಿಸಿ ರಕ್ತ, ಮೇಲೆ ಬರುವ ತಣ್ಣನೆ ರಕ್ತಕ್ಕೆ ದಾರಿಯಲ್ಲೇ ಶಾಖ ಕೊಡುತ್ತದೆ. ಅದಕ್ಕೇ ನೀರಲ್ಲಿ ನಿಂತರೂ ಮೈಯ ಬಿಸಿ ಸೋರಿ ಹೋಗುವುದಿಲ್ಲ. ಆ ಕಾಲನ್ನೇ ನೋಡುತ್ತಿದ್ದೆ, ಅಪ್ಪನ ಕಾಲೇ ಕಣ್ಣ ಮುಂದೆ.

ಅಮ್ಮಾ, ಅರಿಶಿನ ಹಚ್ಚಿ ದಿನ ತಳ್ಳಬೇಡಿ. ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶ ಕಡಿಮೆಯಾಗುತ್ತದೆ, ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ನೋವಿಲ್ಲ ಅಂತ ಅಪ್ಪ ಅಂದರೆ ಅದೇ ನನಗೆ ಭಯ. ಕಾಲಿಗೆ ರಕ್ತ ಸರಿಯಾಗಿ ಇಳಿಯುತ್ತಿದೆಯಾ ಅಂತ ಡಾಕ್ಟರು ನೋಡಲೇಬೇಕು. ಸೋಮವಾರವೇ ರವಿ ಮಂಡ್ಯಕ್ಕೆ ಕರೆದುಕೊಂಡು ಹೋಗಲಿ. ಗದ್ದೆಗೆ ಬರಿಗಾಲಲ್ಲಿ ಹೋಗುವುದು ಬೇಡವೇ ಬೇಡ. ರಾತ್ರಿ ನೀನೇ ಬೆರಳ ಸಂದಿಯೆಲ್ಲ ನೋಡು. ನಿನ್ನ ಖಾತೆಗೆ 20,000 ಹಾಕಿದ್ದೇನೆ. ಸಾಲದಿದ್ದರೆ ಹೇಳು, ಸಂಕೋಚ ಪಡಬೇಡ.

ನನ್ನ ಬಗ್ಗೆ ಒಂಚೂರೂ ಯೋಚನೆ ಬೇಡ. ಎರಡು ಜೊತೆ ಕಾಲುಚೀಲ ಹಾಕಿದ್ದೇನೆ. ಜೇಬಲ್ಲಿ ಕೈರೊ ಅಂತ ಪುಟ್ಟ ಚೀಲ ಇದೆ, ಒಳಗಿರುವ ಕಬ್ಬಿಣದ ಪುಡಿಗೆ ಗಾಳಿ ತಾಗಿದರೆ ತಾನೇ ಬಿಸಿಯಾಗುತ್ತದೆ. ಬೀದಿ ಬದಿಯ ಯಂತ್ರದಲ್ಲಿ ಬಿಸಿ ಬಿಸಿ ಕಾಫಿ ಡಬ್ಬಿ ಬೀಳುತ್ತದೆ, ಹಿಮದ ಮಧ್ಯೆ! ಊಟ, ನಿದ್ದೆ ಎಲ್ಲಾ ಸರಿಯಾಗಿದೆ. ನಿಜವಾಗ್ಲೂ.

ಬಸ್ಸಿಗೆ ಹೊತ್ತಾಯಿತು. ಸೋಮವಾರ ಸಂಜೆ ಫೋನ್ ಮಾಡುತ್ತೇನೆ, ಅಪ್ಪನೇ ಎತ್ತಲಿ. ಅಜ್ಜಿಗೆ ನಮಸ್ಕಾರ ಹೇಳು.

ನಿನ್ನ ಮಗಳು,
ಸುಮ