ಹಾವನ್ನು ಕೊಡುವ ಮೊದಲು ಮನೆ ನೋಡಿ

ಮಾನ್ಯರೇ,

ನಮ್ಮ ಮನೆಯ ಏಳಡಿ ಬೋವಾಗೆ (ಹೆಬ್ಬಾವಿನಂಥ, ವಿಷವಿಲ್ಲದ ವಿದೇಶಿ ಹಾವು) ಇನ್ನೊಂದು ಮನೆ ಹುಡುಕಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಮಗ ಕಾಲೇಜಿನಲ್ಲಿದ್ದಾಗ ತಂದದ್ದು. ಆಗ ಮೊಳದುದ್ದ ಇತ್ತು, ಶೂ ಡಬ್ಬಿಯಲ್ಲಿ ಮಲಗುತ್ತಿತ್ತು. ಅವನು ಓದಲು ಜರ್ಮನಿಗೆ ಹೋದ, ಹಾವು ನನ್ನ ಪಾಲಿಗೆ ಉಳಿಯಿತು. ಬೋವಾ 20–30 ವರ್ಷ ಬದುಕುತ್ತದೆ. ನನಗೀಗ 58. ಲೆಕ್ಕ ನೀವೇ ಹಾಕಿ.

‘ತುರಹಳ್ಳಿ ಕಾಡಿಗೆ ಬಿಟ್ಟು ಬನ್ನಿ ಸಾರ್, ಪುಣ್ಯ ಬರುತ್ತೆ’ ಅಂದವರು ಒಬ್ಬಿಬ್ಬರಲ್ಲ. ಎಲ್ಲಿಯ ಪುಣ್ಯ? ಅದು ಅಮೆರಿಕ ಖಂಡದ ಹಾವು. ಬೋವಾಗಳಿಗೆ ಐಬಿಡಿ (ಇನ್‌ಕ್ಲೂಷನ್ ಬಾಡಿ ಡಿಸೀಸ್) ಅನ್ನೋ ವೈರಸ್ ಕಾಯಿಲೆ ಬರುತ್ತದೆ, ವರ್ಷಗಟ್ಟಲೆ ಮೈಯಲ್ಲಿಟ್ಟುಕೊಂಡೂ ಹಾವು ಗಟ್ಟಿಮುಟ್ಟಾಗೇ ಕಾಣಬಹುದು, ಆದರೆ ಹೆಬ್ಬಾವಿನ ಜಾತಿಗೆ ತಗುಲಿದರೆ ಬೇಗ ಸಾಯುತ್ತವೆ. ಫ್ಲೋರಿಡಾದಲ್ಲಿ ಸಾಕಿದವರು ಬಿಟ್ಟ, ತಪ್ಪಿಸಿಕೊಂಡ ಬರ್ಮಾ ಹೆಬ್ಬಾವುಗಳು ಎವರ್‌ಗ್ಲೇಡ್ಸ್ ಜೌಗಿನಲ್ಲಿ ಎಷ್ಟು ಹೆಚ್ಚಿದವೆಂದರೆ, 2017ರಲ್ಲಿ ಅವನ್ನು ಹಿಡಿಯಲು ಹಾವು ಹಿಡಿಯುವುದರಲ್ಲಿ ಪಳಗಿದ ತಮಿಳುನಾಡಿನ ಇರುಳ ಸಮುದಾಯದ ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಅವರನ್ನೇ ಕರೆಸಿಕೊಳ್ಳಬೇಕಾಯಿತು. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು, ನೆನಪಿರಬಹುದು. ಅದೇ ಫ್ಲೋರಿಡಾದಲ್ಲಿ ಈಗ ಸಾಕಲಾಗದವರು ಹಾವನ್ನು ತಂದೊಪ್ಪಿಸಿದರೆ ಕೇಸು ಹಾಕುವುದಿಲ್ಲ, ಅರ್ಹತೆ ನೋಡಿ ಆರಿಸಿಟ್ಟ ಹೊಸಬರ ಕೈಗೆ ಕೊಡುತ್ತಾರೆ.

ನಮ್ಮಲ್ಲಿ? 2020ರಲ್ಲಿ ಕೇಂದ್ರ ಸರ್ಕಾರ ವಿದೇಶಿ ಪ್ರಾಣಿ ಇಟ್ಟುಕೊಂಡವರು ತಾವಾಗಿ ಹೇಳಿಕೊಳ್ಳಲಿ ಅಂದಾಗ ಬರೆಸಿದೆವು. 2024ರ ನಿಯಮ ಬಂದ ಮೇಲೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಮತ್ತೆ ನೋಂದಾಯಿಸಿದೆವು. ಇನ್ನೊಬ್ಬರಿಗೆ ಕೊಟ್ಟರೂ ಅಲ್ಲೇ ತಿಳಿಸಬೇಕು. ಸರಿ, ಕಾಗದ ಆಯಿತು. ಆದರೆ ಕೊಡುವುದು ಯಾರಿಗೆ?

ಫೋನುಗಳು ಬಂದವು. ಒಬ್ಬ ರೀಲ್ಸ್ ಮಾಡೋಕೆ ಬೇಕು ಅಂದ. ಇನ್ನೊಬ್ಬ ‘ಎರಡು ತಲೆ ಹಾವಾ ಸಾರ್, ಎಷ್ಟಕ್ಕೆ ಕೊಡ್ತೀರಾ’ ಅಂತ ಕೇಳಿದ, ಅದು ನಮ್ಮ ನಾಡಿನ ಮಣ್ಣುಮುಕ್ಕ, ಇಂಗ್ಲಿಷಿನಲ್ಲಿ ಸ್ಯಾಂಡ್ ಬೋವಾ; ಬೋವಾ ಅಂದರೆ ಎಲ್ಲ ಒಂದೇ ಅಂದುಕೊಂಡಿದ್ದ. ಮತ್ತೊಬ್ಬರಿಗೆ ಹಾವಿಗಿಂತ ಅದರ ಗಾಜಿನ ಪೆಟ್ಟಿಗೆ ಮೇಲೆ ಕಣ್ಣು.

ಕೊನೆಗೆ ಬಂದವರು ಬೇರೆ ಥರ. ಹಾವನ್ನು ನೋಡುವ ಮೊದಲು ನೀರಿನ ತಟ್ಟೆ ನೋಡಿದರು. ರಕ್ತ ಹೀರುವ ಸಣ್ಣ ಹುಳ ಇದ್ದರೆ ಕರಿ ಸಾಸಿವೆ ಪುಡಿ ಉದುರಿಸಿದ ಹಾಗೆ ತಳದಲ್ಲಿ ಸತ್ತು ಬಿದ್ದಿರುತ್ತವಂತೆ. ಆಮೇಲೆ ಅದರ ಕಣ್ಣಿನ ಸುತ್ತ, ಗದ್ದದ ಕೆಳಗೆ ಬೆರಳಾಡಿಸಿದರು. ಇಲಿ ತಿಂದು ಎಷ್ಟು ದಿನ ಆಯಿತು ಅಂತ ಕೇಳಿದರು, ತಿಂದ ತಕ್ಷಣ ಸಾಗಿಸಿದರೆ ಕಕ್ಕಿಬಿಡುತ್ತದೆ ನೋಡಿ. ನಾನೂ ಅವರ ಮನೆಗೆ ಹೋದೆ, ಹೆಣ್ಣು ಕೊಡುವವರ ಹಾಗೆ. ಪೆಟ್ಟಿಗೆಗೆ ಬೀಗ ಇತ್ತು. ಮೂರು ತಿಂಗಳು ಬೇರೆ ಹಾವುಗಳ ಹತ್ತಿರ ಬಿಡದೆ ಇಡಲು ಬೇರೆ ಕೋಣೆ ಇತ್ತು. ಇಷ್ಟು ದೊಡ್ಡ ಹಾವಿಗೆ ಊಟ ಹಾಕುವಾಗ ಒಬ್ಬರೇ ಇರಬಾರದು, ಅವರ ಹೆಂಡತಿಗೂ ಹಿಡಿದು ಅಭ್ಯಾಸ ಇತ್ತು.

ನನಗೆ ಇಂಥವರು ಸಿಕ್ಕಿದ್ದು ಅದೃಷ್ಟ, ಅಷ್ಟೇ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಬ್ಯಾಗುಗಳಲ್ಲಿ 55 ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಹೆಬ್ಬಾವು) ಸಿಕ್ಕಿದ್ದವು. ಸಿಕ್ಕವು ಸುದ್ದಿಯಾದವು. ಸಿಗದೆ ಒಳಗೆ ಬಂದು, ಬೆಳೆದು, ಸಾಕಿದವರಿಗೆ ಬೇಜಾರಾದವುಗಳ ಗತಿ ಏನು? ರಾತ್ರಿ ರಸ್ತೆ ಬದಿ ಬಿಟ್ಟರೆ, ಹಾವು ಹಿಡಿಯಲು ಬಂದವರು ನಮ್ಮ ಹೆಬ್ಬಾವು ಅಂದುಕೊಂಡು ಕಾಡಿಗೆ ಬಿಟ್ಟರೂ ಬಿಟ್ಟರೇ. ಅರಣ್ಯ ಇಲಾಖೆ ಒಂದು ಜಾಗ ತೋರಿಸಲಿ, ಹೆದರದೆ ತಂದು ಒಪ್ಪಿಸುವಂತಿರಲಿ. ಬೇಕೆನ್ನುವವರ ಮನೆಯನ್ನು ಮೊದಲೇ ನೋಡಿ ಪಟ್ಟಿ ಮಾಡಿಡಲಿ. ಜಾಸ್ತಿ ಖರ್ಚಿನ ಕೆಲಸವೇನಲ್ಲ ಅಲ್ವಾ?

ನಮ್ಮದನ್ನು ಮಗನ ಹಳೇ ದಿಂಬಿನ ಕವರಿನಲ್ಲಿ ಹಾಕಿ, ಕವರಿನ ಬಾಯಿಗೆ ಗಂಟು ಕಟ್ಟಿ, ಡಬ್ಬದಲ್ಲಿಟ್ಟು ಕಳಿಸಿದೆ. ಹೋದ ವಾರ ಕವರ್ ವಾಪಸ್ ಬಂತು, ತೊಳೆದು ಇಸ್ತ್ರಿ ಮಾಡಿದ್ದರು.

– ಒಬ್ಬ ಓದುಗ, ಬೆಂಗಳೂರು